ವಿಮಾ ಕ್ಲೇಮುಗಳ ಸಾಮೂಹಿಕ ದಾಖಲೆ ಮತ್ತು ಗ್ರಾಹಕರ ರಕ್ಷಣೆ: ಚಾಮರಾಜನಗರ, ಗುಂಡ್ಲುಪೇಟೆ

ಮನೆ, ಅಂಗಡಿ, ದಾಸ್ತಾನು, ವಾಹನ, ಬೆಳೆ ಇವುಗಳಿಗೆ ಆದ ನಷ್ಟಕ್ಕೆ ಪಾಲಿಸಿದಾರರು ಸಲ್ಲಿಸುವ ಕ್ಲೇಮುಗಳ ವಿವರವನ್ನು ವಿಮಾ ಕಂಪನಿಗಳು ತಮ್ಮಲ್ಲಷ್ಟೇ ಇಟ್ಟುಕೊಳ್ಳದೆ ಒಂದು ಕಡೆ ಸೇರಿಸಿ, ಎಲ್ಲ ಕಂಪನಿಗಳೂ ನೋಡುವಂತೆ ಮಾಡಿಕೊಂಡಿರುವ ವ್ಯವಸ್ಥೆಯೇ ಕ್ಲೇಮುಗಳ ಸಾಮೂಹಿಕ ದಾಖಲೆ. ಯಾರು, ಯಾವಾಗ, ಯಾವ ಆಸ್ತಿಗೆ, ಯಾವ ಕಾರಣಕ್ಕೆ ಎಷ್ಟು ಹಣ ಕೇಳಿದರು, ಎಷ್ಟು ಸಿಕ್ಕಿತು ಎಂಬುದು ಅದರ ತಿರುಳು. ಹೊಸ ಪಾಲಿಸಿ ಕೊಡಬೇಕೆ, ಪ್ರೀಮಿಯಂ ಎಷ್ಟು ಹಾಕಬೇಕು, ಬಂದ ಕ್ಲೇಮು ನಂಬತಕ್ಕದ್ದೇ ಎಂದು ತೀರ್ಮಾನಿಸುವಾಗ ಕಂಪನಿಗಳು ಇದನ್ನು ತೆರೆದು ನೋಡುತ್ತವೆ. ಭಾರತದಲ್ಲಿ ಈ ಕೆಲಸದ ಕೇಂದ್ರ ಹೈದರಾಬಾದಿನಲ್ಲಿರುವ ಇನ್ಶೂರೆನ್ಸ್ ಇನ್ಫರ್ಮೇಷನ್ ಬ್ಯೂರೋ ಆಫ್ ಇಂಡಿಯಾ, ಅಂದರೆ ಐಐಬಿ. ಬೆಳೆ ವಿಮೆಯ ಮಟ್ಟಿಗೆ ಕರ್ನಾಟಕ ತನ್ನದೇ ಆದ ದಾಖಲೆ ಜಾಲವನ್ನು ಕಟ್ಟಿಕೊಂಡಿದೆ. ಚಾಮರಾಜನಗರ ಜಿಲ್ಲೆಯಲ್ಲಿ, ವಿಶೇಷವಾಗಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಇವೆರಡೂ ಒಂದೇ ಕುಟುಂಬದ ಬದುಕನ್ನು ತಾಗುತ್ತವೆ. ಹೊಲದ ದಾಖಲೆಯನ್ನು ರೈತ ತೆರೆದು ನೋಡಬಹುದು, ಆಕ್ಷೇಪಣೆ ಸಲ್ಲಿಸಬಹುದು. ಅಂಗಡಿಯ ಮತ್ತು ವಾಹನದ ಕ್ಲೇಮು ದಾಖಲೆಗೆ ಅಂಥ ಕಿಟಕಿಯೇ ಇಲ್ಲ. ಈ ವ್ಯತ್ಯಾಸವೇ ಈ ವಿಷಯದ ಮುಖ್ಯ ಪ್ರಶ್ನೆ.

ಹಿನ್ನೆಲೆ

1972ರ ಕಾಯ್ದೆಯಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು, ನೂರಕ್ಕೂ ಹೆಚ್ಚು ಕಂಪನಿಗಳು ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕರಲ್ಲಿ ವಿಲೀನವಾದವು. ಬೆಂಕಿ ವಿಮೆಗೂ ಮೋಟಾರು ವಿಮೆಗೂ ದರ ಒಂದೇ ಕಡೆ ನಿಗದಿಯಾಗುತ್ತಿತ್ತು. ಟ್ಯಾರಿಫ್ ಅಡ್ವೈಸರಿ ಕಮಿಟಿ ಹಾಕಿದ ದರಪಟ್ಟಿಯೇ ದೇಶಕ್ಕೆಲ್ಲ ದರ. ಎಲ್ಲರದೂ ಒಂದೇ ದರವಾಗಿರುವಾಗ ಪಾಲಿಸಿದಾರರ ಹಿಂದಿನ ಚರಿತ್ರೆಯನ್ನು ಕಂಪನಿಗಳು ಹಂಚಿಕೊಳ್ಳುವ ತುರ್ತು ಅಷ್ಟಾಗಿ ಇರಲಿಲ್ಲ. 1999ರ ಕಾಯ್ದೆಯ ಮೂಲಕ ವಿಮಾ ನಿಯಂತ್ರಣ ಪ್ರಾಧಿಕಾರ, ಇಂದಿನ ಐಆರ್‌ಡಿಎಐ, ಬಂತು. ಖಾಸಗಿ ಕಂಪನಿಗಳು ಬಂದವು. 2007ರ ಜನವರಿ 1ರಿಂದ ಬೆಂಕಿ ವಿಮೆ ಮತ್ತು ವಾಹನದ ಸ್ವಂತ ಹಾನಿ ವಿಮೆಯ ದರಪಟ್ಟಿ ರದ್ದಾಯಿತು. ಪ್ರತಿ ಕಂಪನಿಯೂ ತನ್ನ ದರವನ್ನು ತಾನೇ ಲೆಕ್ಕ ಹಾಕಬೇಕಾಯಿತು. ಲೆಕ್ಕಕ್ಕೆ ದತ್ತಾಂಶ ಬೇಕಲ್ಲ. 2009ರಲ್ಲಿ ಐಐಬಿ ಹುಟ್ಟಿದ್ದು ಈ ಕೊರತೆ ತುಂಬಲು. ಮೋಟಾರು, ಆರೋಗ್ಯ, ಬೆಂಕಿ ಮತ್ತಿತರ ವಿಮೆಗಳ ಪಾಲಿಸಿ ಹಾಗೂ ಕ್ಲೇಮುಗಳ ವಿವರವನ್ನು ಕಂಪನಿಗಳು ಅದಕ್ಕೆ ಒಪ್ಪಿಸುತ್ತವೆ.

ಈ ದತ್ತಾಂಶದ ಬಳಕೆ ಎರಡು ಬಗೆ. ಒಂದು, ಗುಂಪಿನ ಲೆಕ್ಕ. ಅಕ್ಕಿ ಗಿರಣಿ, ಹತ್ತಿ ಗೋದಾಮು, ಪ್ಲಾಸ್ಟಿಕ್ ಕಾರ್ಖಾನೆ ಹೀಗೆ ಒಂದೊಂದು ಬಗೆಯ ಕಟ್ಟಡಕ್ಕೂ ದೇಶದಾದ್ಯಂತ ಎಷ್ಟು ವಿಮೆ ಇಳಿಸಲಾಗಿತ್ತು, ಎಷ್ಟು ಸುಟ್ಟು ಹೋಯಿತು ಎಂದು ಲೆಕ್ಕ ಹಾಕಿ, ಆ ಬಗೆಗೆ ನಷ್ಟದ ಸರಾಸರಿ ದರವನ್ನು ಐಐಬಿ ಪ್ರಕಟಿಸುತ್ತದೆ. 2019ರ ಮಾರ್ಚ್‌ನಿಂದ ವಿಮಾ ಕಂಪನಿಗಳಿಗೇ ವಿಮೆ ಕೊಡುವ ಸರ್ಕಾರಿ ಮರುವಿಮಾ ಸಂಸ್ಥೆ ಜಿಐಸಿ ರಿ, ಮೊದಲು ಕೆಲವೇ ಬಗೆಯ ಉದ್ದಿಮೆಗಳಿಗೆ, ಮರುವರ್ಷ ಇನ್ನೂ ಅನೇಕ ಬಗೆಗಳಿಗೆ, ಈ ದರಕ್ಕಿಂತ ಕಡಿಮೆಗೆ ಬರೆದ ಪಾಲಿಸಿಗೆ ಮರುವಿಮೆ ಕೊಡುವುದಿಲ್ಲ ಎಂದಿತು. ಸರಾಸರಿ ನಷ್ಟದ ಅಂಕಿ ಕನಿಷ್ಠ ಬೆಲೆಯಾಗಿ ಮಾರ್ಪಟ್ಟು ಅನೇಕ ಉದ್ದಿಮೆಗಳ ಪ್ರೀಮಿಯಂ ಏರಿತು. ಒಂದು ಸಲವೂ ಕ್ಲೇಮು ಮಾಡದ ಗಿರಣಿಯ ಮಾಲೀಕನೂ, ಎಲ್ಲೋ ಸುಟ್ಟ ಗಿರಣಿಗಳ ಲೆಕ್ಕದಲ್ಲಿ ಪಾಲುದಾರನಾದ. ವಿಮೆಯೆಂದರೆ ಹಂಚಿಕೊಂಡ ಅಪಾಯವೇ ಆದ್ದರಿಂದ ಇದನ್ನು ಅನ್ಯಾಯವೆನ್ನಲಾಗದು. ಆದರೆ ತನ್ನ ದರ ಏಕೆ ಏರಿತು ಎಂದು ಕೇಳಿದವನಿಗೆ ಉತ್ತರ ಸಿಗಬೇಕು. ಎರಡನೆಯ ಬಳಕೆ ಒಬ್ಬೊಬ್ಬರ ಚರಿತ್ರೆಯದು. ಗ್ರಾಹಕರ ಆತಂಕವೆಲ್ಲ ಹುಟ್ಟುವುದು ಇಲ್ಲೇ.

ವಾಹನ ವಿಮೆಯಲ್ಲಿ ಕ್ಲೇಮಿನ ಚರಿತ್ರೆ

ಸಾಮಾನ್ಯ ಜನರ ಜೇಬಿಗೆ ಕ್ಲೇಮಿನ ಚರಿತ್ರೆ ನೇರವಾಗಿ ತಟ್ಟುವುದು ನೋ ಕ್ಲೇಮ್ ಬೋನಸ್ ಮೂಲಕ. ಒಂದು ವರ್ಷ ಕ್ಲೇಮು ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20 ಕಡಿತ, ಮುಂದೆ ಸತತವಾಗಿ ಶೇ. 25, 35, 45, ಕೊನೆಗೆ 50. ಒಂದು ಕ್ಲೇಮು ಮಾಡಿದರೆ ಏಣಿಯ ಬುಡಕ್ಕೆ. ಶೇ. 50ರ ಮೆಟ್ಟಿಲಲ್ಲಿರುವ, 10,000 ರೂಪಾಯಿ ಮೂಲ ಪ್ರೀಮಿಯಂನ ಒಂದು ವಾಹನವನ್ನು ತೆಗೆದುಕೊಳ್ಳಿ. ಬಂಪರ್ ರಿಪೇರಿಗೆಂದು ಅದರ ಮಾಲೀಕರು 3,000 ರೂಪಾಯಿ ಕ್ಲೇಮು ಮಾಡಿದರು. ಮೂಲ ಪ್ರೀಮಿಯಂ ಬದಲಾಗದಿದ್ದರೆ ಮುಂದಿನ ಐದು ನವೀಕರಣಗಳಲ್ಲಿ ಅವರು ಹೆಚ್ಚಾಗಿ ಕಟ್ಟುವುದು ಕ್ರಮವಾಗಿ 5,000, 3,000, 2,500, 1,500 ಮತ್ತು 500 ರೂಪಾಯಿ, ಒಟ್ಟು 12,500. ಮೂರು ಸಾವಿರ ಕೇಳಿ ಹನ್ನೆರಡೂವರೆ ಸಾವಿರ ಕೊಟ್ಟ ಹಾಗಾಯಿತು. ಕ್ಲೇಮು ಫಾರಂಗೆ ಸಹಿ ಹಾಕಿಸುವ ಮೊದಲು ಈ ಲೆಕ್ಕವನ್ನು ಏಜೆಂಟರು ಹೇಳಲೇಬೇಕು.

ಬೋನಸ್ ವಾಹನದ್ದಲ್ಲ, ಮಾಲೀಕನದು. ಗುಂಡ್ಲುಪೇಟೆಯಂಥ ಊರಿನಲ್ಲಿ ಇದು ಪುಸ್ತಕದ ಮಾತಲ್ಲ. ಒಂದು ಕಡೆ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರ ದಾಟಿ ವಯನಾಡಿಗೆ, ಇನ್ನೊಂದು ಕಡೆ ಊಟಿಯ ರಸ್ತೆ ತಮಿಳುನಾಡಿಗೆ ಹೋಗುತ್ತದೆ. ತರಕಾರಿ, ಬಾಳೆ, ಚೆಂಡು ಹೂ ಹೊರುವ ಪಿಕಪ್‌ಗಳು ಮೂರು ರಾಜ್ಯಗಳ ನಡುವೆ ಓಡಾಡುತ್ತವೆ. ಹಳೆಯ ಗಾಡಿಗಳು ಕೆಎಲ್, ಟಿಎನ್ ನಂಬರಿನಿಂದ ಕೆಎ-10ಕ್ಕೆ ಕೈ ಬದಲಾಯಿಸುತ್ತವೆ. ಗಾಡಿ ಕೊಂಡವರು ಆರ್‌ಸಿ ತಮ್ಮ ಹೆಸರಿಗೆ ಮಾಡಿಸಿಕೊಂಡು, ಇನ್ಶೂರೆನ್ಸ್ ಇನ್ನೂ ಆರು ತಿಂಗಳಿದೆಯಲ್ಲ ಎಂದು ಸುಮ್ಮನಿರುವುದುಂಟು. ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನಂತೆ ಪಾಲಿಸಿ ಹೊಸ ಮಾಲೀಕನಿಗೆ ವರ್ಗವಾದಂತೆ ಭಾವಿಸಲಾಗುವುದಾದರೂ ಅದು ಮೂರನೆಯ ವ್ಯಕ್ತಿಗೆ ಆದ ಹಾನಿಗೆ ಮಾತ್ರ. ಸ್ವಂತ ಗಾಡಿಯ ಹಾನಿಗೆ ಪಾಲಿಸಿಯನ್ನು ಹೆಸರಿಗೆ ಬದಲಾಯಿಸಿಕೊಳ್ಳಲೇಬೇಕು ಎಂದು 1996ರ ಕಂಪ್ಲೀಟ್ ಇನ್ಸುಲೇಷನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹದಿನಾಲ್ಕು ದಿನದೊಳಗೆ ಅರ್ಜಿ ಕೊಡಬೇಕು; ಹಳೆಯ ಮಾಲೀಕನ ಬೋನಸ್‌ನಿಂದ ಕಡಿತವಾಗಿದ್ದ ಹಣವನ್ನು ಉಳಿದ ಅವಧಿಗೆ ತುಂಬಿಕೊಡಬೇಕು.

ಕಂಪನಿ ಬದಲಾಯಿಸುವಾಗ "ಹೋದ ವರ್ಷ ಕ್ಲೇಮು ಮಾಡಿಲ್ಲ" ಎಂಬ ಘೋಷಣೆಗೆ ಸಹಿ ಬೀಳುತ್ತದೆ. ಅದು ಸುಳ್ಳಾದರೆ ಸ್ವಂತ ಹಾನಿಯ ಸೌಲಭ್ಯವೆಲ್ಲ ಮುಟ್ಟುಗೋಲು ಎಂದು ಆ ಘೋಷಣೆಯಲ್ಲೇ ಬರೆದಿರುತ್ತದೆ. ಹಲವು ಸಂದರ್ಭಗಳಲ್ಲಿ ಆ ಘೋಷಣೆಗೆ ಗುರುತು ಹಾಕುವವರು ಗಾಡಿ ಮಾಲೀಕರಲ್ಲ, ಫಾರಂ ತುಂಬುವ ಏಜೆಂಟರು. ಮೋಟಾರು ದರಪಟ್ಟಿಯ 27ನೇ ಸಾಮಾನ್ಯ ನಿಯಮ ಕಂಪನಿಗೂ ಒಂದು ಹೊಣೆ ಹೊರಿಸಿತ್ತು: ಘೋಷಣೆಯ ಆಧಾರದ ಮೇಲೆ ಬೋನಸ್ ಕೊಟ್ಟ ಕಂಪನಿ 21 ದಿನದೊಳಗೆ ಹಳೆಯ ಕಂಪನಿಗೆ ಬರೆದು ಖಚಿತಪಡಿಸಿಕೊಳ್ಳಬೇಕು. ಪ್ರೀಮಿಯಂ ತೆಗೆದುಕೊಳ್ಳುವಾಗ ಪರಿಶೀಲಿಸದೆ, ಅಪಘಾತವಾದ ಮೇಲೆ ಮಾತ್ರ ಚರಿತ್ರೆ ಕೆದಕಿ ಪೂರ್ತಿ ಕ್ಲೇಮು ತಿರಸ್ಕರಿಸಿದ ಕಂಪನಿಗಳಿಗೆ ಗ್ರಾಹಕ ಆಯೋಗಗಳು ಈ ನಿಯಮವನ್ನು ನೆನಪಿಸಿ, ಸ್ವಲ್ಪ ಕಡಿತ ಮಾಡಿ ಉಳಿದದ್ದನ್ನು ಕೊಡುವಂತೆ ಹೇಳಿದ ತೀರ್ಪುಗಳಿವೆ. ಇಂದು ಅಂಚೆಯ ಕಾಗದ ಬೇಕಿಲ್ಲ. ಗಾಡಿಯ ನಂಬರು ಹೊಡೆದರೆ ಹಿಂದಿನ ಪಾಲಿಸಿ ತೆರೆದುಕೊಳ್ಳುವ ಕಾಲ. ಪರಿಶೀಲನೆ ಇಷ್ಟು ಸುಲಭವಾಗಿರುವಾಗ ಅದನ್ನು ಪಾಲಿಸಿ ಕೊಡುವ ದಿನವೇ ಮಾಡಬೇಕು. ಕ್ಲೇಮು ಬಂದ ದಿನದವರೆಗೆ ಕಾಯುವುದು ನ್ಯಾಯವಲ್ಲ.

ಮನೆ ಮತ್ತು ಅಂಗಡಿ

2021ರ ಏಪ್ರಿಲ್ 1ರಿಂದ ಹಳೆಯ ಬೆಂಕಿ ಪಾಲಿಸಿಯ ಜಾಗದಲ್ಲಿ ಮನೆಗಳಿಗೆ ಭಾರತ್ ಗೃಹ ರಕ್ಷಾ, 5 ಕೋಟಿ ರೂಪಾಯಿವರೆಗಿನ ಆಸ್ತಿಯ ಉದ್ದಿಮೆಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, 50 ಕೋಟಿವರೆಗಿನವಕ್ಕೆ ಭಾರತ್ ಲಘು ಉದ್ಯಮ ಸುರಕ್ಷಾ ಎಂಬ ಏಕರೂಪದ ಪಾಲಿಸಿಗಳು ಬಂದಿವೆ. ಜನಪರ ಬದಲಾವಣೆ ಇದು. ಗೃಹ ರಕ್ಷಾದಲ್ಲಿ ಮನೆಯ ಸಾಮಾನಿಗೂ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ತಾನಾಗಿಯೇ ರಕ್ಷಣೆ ಸಿಗುತ್ತದೆ. ಕಾಳ್ಗಿಚ್ಚು ಕೂಡ ಅದರ ವ್ಯಾಪ್ತಿಯಲ್ಲಿದೆ. ಕಾಡಂಚಿನ ಊರುಗಳಿಗೆ ಇದು ಸಣ್ಣ ಮಾತಲ್ಲ. ಹಳೆಯ ಬೆಂಕಿ ಪಾಲಿಸಿಯಲ್ಲಿ ಬೇರೆಯವರ ವಾಹನ ಅಥವಾ ಪ್ರಾಣಿ ಬಂದು ಗುದ್ದಿ ಆದ ಹಾನಿಗೂ ಪರಿಹಾರವಿತ್ತು. ಆನೆ ಗೋಡೆ ಕೆಡವಿದರೆ ಬೆಂಕಿ ಪಾಲಿಸಿಯಲ್ಲಿ ಹಣ ಕೇಳಬಹುದೆಂದು ತಿಳಿದವರೇ ಕಡಿಮೆ.

ಪಟ್ಟಣದ ಅಂಗಡಿಗಳ ವಿಮೆ ಹೆಚ್ಚಾಗಿ ಬ್ಯಾಂಕಿನ ಸಾಲದ ಜೊತೆಗೇ ಬರುತ್ತದೆ. ದಾಸ್ತಾನು ಒತ್ತೆಯಿಟ್ಟು ಸಾಲ ಪಡೆದವರ ಖಾತೆಯಿಂದ ಪ್ರೀಮಿಯಂ ಕಡಿತವಾಗುತ್ತದೆ. ಪಾಲಿಸಿಯ ಕಾಗದ ಬ್ಯಾಂಕಿನ ಕಡತದಲ್ಲಿ ಉಳಿಯುತ್ತದೆ. ಪ್ರಸ್ತಾವದ ಅರ್ಜಿಯಲ್ಲಿ ಹಿಂದಿನ ವರ್ಷಗಳ ನಷ್ಟ ಮತ್ತು ಕ್ಲೇಮು ಕುರಿತ ಪ್ರಶ್ನೆಗೆ ಯಾರೋ "ಇಲ್ಲ" ಎಂದು ಬರೆದಿರುತ್ತಾರೆ. ಅರ್ಜಿ ಇಂಗ್ಲಿಷಿನಲ್ಲಿ, ಸಹಿ ಕನ್ನಡದಲ್ಲಿ. ಆ "ಇಲ್ಲ" ಒಮ್ಮೆ ಸಾಮೂಹಿಕ ದಾಖಲೆಗೆ ತಾಳೆಯಾಗದಿದ್ದರೆ, ಮುಖ್ಯ ಸಂಗತಿ ಮುಚ್ಚಿಟ್ಟ ಆರೋಪ ಅಂಗಡಿಯವರ ತಲೆಗೆ ಬರುತ್ತದೆ. ಬ್ಯಾಂಕು ಮಾಡಿಸಿದ್ದು ಗೊತ್ತಿಲ್ಲದೆ ಅದೇ ದಾಸ್ತಾನಿಗೆ ಇನ್ನೊಂದು ಪಾಲಿಸಿ ಮಾಡಿಸಿಕೊಂಡವರೂ ಸಿಕ್ಕಿಕೊಳ್ಳುತ್ತಾರೆ. ಎರಡು ಪಾಲಿಸಿ ಇರುವುದು ತಪ್ಪಲ್ಲ. ನಷ್ಟದ ಮೊತ್ತಕ್ಕಿಂತ ಹೆಚ್ಚು ಪಡೆಯುವಂತಿಲ್ಲ, ಕಂಪನಿಗಳು ತಮ್ಮೊಳಗೆ ಹಂಚಿಕೊಂಡು ಕೊಡಬೇಕು, ಅಷ್ಟೆ. ದಾಖಲೆ ತಾಳೆ ನೋಡುವ ಯಂತ್ರ ಮಾತ್ರ ಇಂಥದನ್ನು ಅನುಮಾನದ ಪಟ್ಟಿಗೆ ಸೇರಿಸುತ್ತದೆ.

ಅನುಮಾನಕ್ಕೆ ಕಾರಣ ಇಲ್ಲವೆಂದಲ್ಲ. ಒಂದೇ ಸುಟ್ಟ ದಾಸ್ತಾನಿನ ಫೋಟೋ ತೋರಿಸಿ ಎರಡು ಕಂಪನಿಗಳಿಂದ ಹಣ ಪಡೆದರೆ ಆ ಹೊರೆ ಪ್ರಾಮಾಣಿಕರ ಪ್ರೀಮಿಯಂ ಮೇಲೆಯೇ ಬೀಳುತ್ತದೆ. ವಂಚನೆ ತಡೆಗೆ ಐಆರ್‌ಡಿಎಐ 2013ರಲ್ಲಿ ಒಂದು ಚೌಕಟ್ಟು ಹಾಕಿತ್ತು. 2025ರಲ್ಲಿ ಹೊರಡಿಸಿದ ಹೊಸ ಮಾರ್ಗಸೂಚಿ, 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ, ಐಐಬಿಯ ಮೂಲಕ ಕಂಪನಿಗಳು ವಂಚನೆಯ ಮಾಹಿತಿ ಹಂಚಿಕೊಳ್ಳುವುದನ್ನು ಇನ್ನಷ್ಟು ಬಿಗಿಗೊಳಿಸಿದೆ. ಪಟ್ಟಿ ಬಲವಾದಷ್ಟೂ ಅದರಲ್ಲಿ ತಪ್ಪಾಗಿ ಸೇರಿದವರ ಸಂಕಟವೂ ದೊಡ್ಡದಾಗುತ್ತದೆ.

ಹೊಲದ ದಾಖಲೆ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ನಡೆಯುತ್ತಿದೆ. ರೈತರ ಪಾಲಿನ ಪ್ರೀಮಿಯಂ ಮುಂಗಾರಿಗೆ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5. ಕರ್ನಾಟಕದಲ್ಲಿ ನೋಂದಣಿ 'ಸಂರಕ್ಷಣೆ' ಜಾಲತಾಣದ ಮೂಲಕ. ಅದು ಭೂಮಿ ತಂತ್ರಾಂಶದ ಪಹಣಿಗೂ, ರೈತರ ಫ್ರೂಟ್ಸ್ ಗುರುತಿನ ಸಂಖ್ಯೆಗೂ, ಪ್ರತಿ ಹಂಗಾಮಿನ ಬೆಳೆ ಸಮೀಕ್ಷೆಗೂ ಜೋಡಿಸಿಕೊಂಡಿದೆ. ಸಮೀಕ್ಷೆಯಲ್ಲಿ ಸರ್ವೆ ನಂಬರಿನ ಗಡಿಯೊಳಗೆ ನಿಂತು ಮೊಬೈಲಿನಲ್ಲಿ ಬೆಳೆಯ ಫೋಟೋ ತೆಗೆಯಬೇಕು. ರೈತರೇ ತೆಗೆಯಬಹುದು, ಇಲ್ಲವೇ ಊರಿನ ಖಾಸಗಿ ನಿವಾಸಿ ಎಂದು ನೇಮಕವಾದ ಯುವಕರು ತೆಗೆಯುತ್ತಾರೆ. ವಿಮೆಗೆ ಬರೆಸಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ಹೊಂದಾಣಿಕೆಯಾಗದಿದ್ದರೆ ಪ್ರಸ್ತಾವ ತಿರಸ್ಕೃತವಾಗುತ್ತದೆ.

ಗುಂಡ್ಲುಪೇಟೆಯ ಹೊಲಗಳಿಗೆ ಇದು ಕಷ್ಟದ ಅಳತೆ. ಸೂರ್ಯಕಾಂತಿ, ಚೆಂಡು ಹೂ, ಸಣ್ಣ ಈರುಳ್ಳಿ, ಅರಿಶಿನ, ಬಾಳೆ, ಜೋಳ, ಸಾಲಿನ ನಡುವೆ ಅವರೆ, ಅಲಸಂದೆ. ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರ ಬೇರೆ ಬೇರೆ ಬೆಳೆ. ಫೋಟೋದಲ್ಲಿ ಒಂದೇ ಬೆಳೆ ಕಾಣುತ್ತದೆ. ಶುಂಠಿಗೆಂದು ಜಮೀನು ಗುತ್ತಿಗೆ ಪಡೆದು ಬೆಳೆಯುವವರು ಬೇರೆ, ಪಹಣಿಯಲ್ಲಿರುವ ಹೆಸರು ಬೇರೆ. ತಪ್ಪಾಗುವ ದಾರಿಗಳು ಇಷ್ಟಿದ್ದರೂ ಈ ವ್ಯವಸ್ಥೆಯಲ್ಲಿ ಒಂದು ಒಳ್ಳೆಯ ಗುಣವಿದೆ: ದಾಖಲೆಯನ್ನು ರೈತ ನೋಡಬಹುದು. ಬೆಳೆ ದರ್ಶಕ ಆ್ಯಪ್‌ನಲ್ಲಿ ತನ್ನ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂದು ತಿಳಿದು, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬಹುದು. ವಿಮೆಯ ತಿರಸ್ಕೃತ ಪಟ್ಟಿಯನ್ನು ಗ್ರಾಮ ಪಂಚಾಯಿತಿ, ರೈತ ಸಂಪರ್ಕ ಕೇಂದ್ರಗಳಲ್ಲಿ ಪ್ರಕಟಿಸಿ, ಪಹಣಿ ಅಥವಾ ಬೆಂಬಲ ಬೆಲೆ ಕೇಂದ್ರ, ಎಪಿಎಂಸಿಯಲ್ಲಿ ಬೆಳೆ ಮಾರಿದ ರಸೀದಿ ತಂದು ತೋರಿಸಲು ಕೃಷಿ ಇಲಾಖೆ ಕಾಲಾವಕಾಶ ಕೊಡುವ ಪದ್ಧತಿಯಿದೆ. ಗಡುವು ಸಾಲದು, ಸುದ್ದಿ ಮುಟ್ಟುವುದಿಲ್ಲ ಎಂಬ ದೂರುಗಳಲ್ಲಿ ಹುರುಳಿದೆ. ಆದರೂ ನೋಡುವ, ಪ್ರಶ್ನಿಸುವ, ತಿದ್ದಿಸುವ ಮೂರು ಮೆಟ್ಟಿಲುಗಳು ಇಲ್ಲಿವೆ.

ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಇನ್ನೊಂದು ದಾಖಲೆಯೂ ಬೆಳೆಯುತ್ತಿದೆ. ಆನೆ, ಹಂದಿಯಿಂದಾದ ಬೆಳೆ ಹಾನಿಗೆ ಅರಣ್ಯ ಇಲಾಖೆ 'ಇ-ಪರಿಹಾರ' ತಂತ್ರಾಂಶದಲ್ಲಿ ಅರ್ಜಿ ಪಡೆಯುತ್ತದೆ. 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಕಾಡುಪ್ರಾಣಿಗಳ ದಾಳಿಯನ್ನೂ ಫಸಲ್ ಬಿಮಾದ ಹೆಚ್ಚುವರಿ ರಕ್ಷಣೆಯಲ್ಲಿ 2026ರ ಮುಂಗಾರಿನಿಂದ ಸೇರಿಸುವುದಾಗಿ ಪ್ರಕಟಿಸಿತು. ಹಾನಿಯಾದ 72 ಗಂಟೆಯೊಳಗೆ ಆ್ಯಪ್‌ನಲ್ಲಿ ಸ್ಥಳ ಗುರುತಿರುವ ಫೋಟೋ ಹಾಕಬೇಕು, ಯಾವ ಜಿಲ್ಲೆ, ಯಾವ ಪ್ರಾಣಿ ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚಿಸಬೇಕು. ಒಂದೇ ರಾತ್ರಿಯ ಆನೆ ದಾಳಿಗೆ ಎರಡು ಕಡೆ ಅರ್ಜಿ ಹಾಕಿದ ರೈತನನ್ನು ಎರಡು ದಾಖಲೆಗಳು ತಾಳೆ ನೋಡುವ ದಿನ ದೂರವಿಲ್ಲ. ಯಾವುದು ಯಾವುದರಲ್ಲಿ ಕಡಿತವಾಗುತ್ತದೆ ಎಂಬುದನ್ನು ಮೊದಲೇ ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸದಿದ್ದರೆ, ನಿಯಮ ಗೊತ್ತಿಲ್ಲದವನನ್ನು ವಂಚಕನೆಂದು ಕರೆಯುವ ಪ್ರಸಂಗ ಬರುತ್ತದೆ.

ಹೊರದೇಶಗಳ ಅನುಭವ

ಅಮೆರಿಕದಲ್ಲಿ ಲೆಕ್ಸಿಸ್‌ನೆಕ್ಸಿಸ್ ಕಂಪನಿ ನಡೆಸುವ 'ಕ್ಲೂ' ಎಂಬ ದಾಖಲೆ ಮನೆ ಮತ್ತು ಕಾರಿನ ಕ್ಲೇಮುಗಳನ್ನು ಏಳು ವರ್ಷಗಳವರೆಗೆ ಇಟ್ಟುಕೊಳ್ಳುತ್ತದೆ. ಅಲ್ಲಿ ಕ್ಲೇಮು ಮನುಷ್ಯನ ಹೆಸರಿಗಷ್ಟೇ ಅಲ್ಲ, ಮನೆಯ ವಿಳಾಸಕ್ಕೂ ಅಂಟುತ್ತದೆ. ಅಲ್ಲಿ ನೆಲೆಸಿ ಮನೆ ಕೊಳ್ಳುವ ಕನ್ನಡ ಕುಟುಂಬಕ್ಕೂ ಹಳೆಯ ಮಾಲೀಕನ ಕಾಲದ ನೀರು ಸೋರಿಕೆಯ ಕ್ಲೇಮು ಬೆನ್ನು ಹತ್ತಬಹುದು. ಹಣ ಪಡೆಯದಿದ್ದರೂ ಬರಿದೇ ವಿಚಾರಿಸಿದ್ದೇ ದಾಖಲಾಗಿ ಪ್ರೀಮಿಯಂ ಏರಿತೆಂಬ ದೂರುಗಳೆದ್ದು, ಕೆಲವು ರಾಜ್ಯಗಳು ಅದಕ್ಕೆ ಕಡಿವಾಣ ಹಾಕಿದವು. ಆದರೆ 1970ರ ನ್ಯಾಯಯುತ ಸಾಲ ವರದಿ ಕಾಯ್ದೆ ಈ ದಾಖಲೆಗೂ ಅನ್ವಯಿಸುತ್ತದೆ. 2003ರ ತಿದ್ದುಪಡಿಯಿಂದ ವರ್ಷಕ್ಕೊಮ್ಮೆ ತನ್ನ ವರದಿಯನ್ನು ಉಚಿತವಾಗಿ ಕೇಳಿ ಪಡೆಯಬಹುದು. ತಪ್ಪಿದ್ದರೆ ತಕರಾರು ಹೂಡಬಹುದು. ಆ ವರದಿಯ ಕಾರಣ ಪಾಲಿಸಿ ನಿರಾಕರಿಸಿದರೆ ಕಂಪನಿ ಹಾಗೆಂದು ತಿಳಿಸಲೇಬೇಕು. ಬ್ರಿಟನ್ನಿನಲ್ಲಿ 1994ರಿಂದ ಇಂಥದೇ ದಾಖಲೆಯಿದ್ದು, ತನ್ನ ಬಗ್ಗೆ ಏನು ಬರೆದಿದೆ ಎಂದು ಯಾರು ಬೇಕಾದರೂ ಕೇಳಬಹುದು.

ಭಾರತದಲ್ಲೂ ಮಾದರಿಗೆ ದೂರ ಹೋಗಬೇಕಿಲ್ಲ. ಸಾಲ ಕೇಳಲು ಬ್ಯಾಂಕಿಗೆ ಹೋಗುವ ಚಾಮರಾಜನಗರದ ಯಾವ ವ್ಯಾಪಾರಿಗೂ 'ಸಿಬಿಲ್' ಎಂದರೆ ಗೊತ್ತು. ಸಿಬಿಲ್‌ನಂಥ, 2005ರ ಕಾಯ್ದೆಯಡಿ ನಡೆಯುವ ಸಾಲ ಮಾಹಿತಿ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿನ ದೂರನ್ನು 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕ್ ಹೇಳಿ, 2024ರಿಂದ ಅದು ಜಾರಿಯಲ್ಲಿದೆ. ವಿಮೆಯ ಕ್ಲೇಮು ದಾಖಲೆಗೆ ಇದಕ್ಕೆ ಸಮನಾದ ಹಕ್ಕು ಇಲ್ಲ. ಐಐಬಿಯ ಜಾಲತಾಣದಲ್ಲಿ ವಾಹನದ ಪಾಲಿಸಿ ಇದೆಯೇ ಎಂದು ಸಾರ್ವಜನಿಕರು ಹುಡುಕಬಹುದೇ ಹೊರತು ತಮ್ಮ ಕ್ಲೇಮು ಚರಿತ್ರೆಯ ವಾರ್ಷಿಕ ವರದಿ ಪಡೆಯುವ ವ್ಯವಸ್ಥೆಯಿಲ್ಲ.

ಕಾನೂನಿನ ಸ್ಥಿತಿ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಒಬ್ಬರ ಕುರಿತು ತೀರ್ಮಾನಕ್ಕೆ ಬಳಸುವ, ಅಥವಾ ಬೇರೆ ಸಂಸ್ಥೆಗೆ ಕೊಡುವ ದತ್ತಾಂಶ ಪೂರ್ಣವಾಗಿಯೂ ನಿಖರವಾಗಿಯೂ ಇರಬೇಕೆಂದು ಅದರ 8ನೇ ಕಲಮು ಹೇಳುತ್ತದೆ. 11 ಮತ್ತು 12ನೇ ಕಲಮುಗಳು ನೋಡುವ, ತಿದ್ದಿಸುವ ಹಕ್ಕು ಕೊಡುತ್ತವೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಕಲಮುಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಆದರೆ ನೋಡುವ ಹಕ್ಕು ಒಪ್ಪಿಗೆ ಪಡೆದು ಬಳಸಿದ ದತ್ತಾಂಶಕ್ಕೆ ಸೀಮಿತ, ಅಪರಾಧ ತಡೆ ಮತ್ತು ಪತ್ತೆಗೆಂದು ಬಳಸಿದರೆ ವಿನಾಯಿತಿ. ವಂಚನೆಯ ಪಟ್ಟಿಯನ್ನು ಈ ವಿನಾಯಿತಿಯೊಳಗೆ ತೂರಿಸಿ ಮುಚ್ಚಿಡುವ ಸಾಧ್ಯತೆ ಇದ್ದೇ ಇದೆ.

ದೂರಿನ ದಾರಿಗಳು ಸದ್ಯಕ್ಕೆ ಮೂರು. ಮೊದಲು ಕಂಪನಿಯ ದೂರು ಅಧಿಕಾರಿಗೆ, ಅಥವಾ ಐಆರ್‌ಡಿಎಐನ 'ಬಿಮಾ ಭರೋಸಾ'ಕ್ಕೆ, 155255ಕ್ಕೆ ಕರೆ ಮಾಡಿ ಕೂಡ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಸಣ್ಣ ಅಂಗಡಿಯವರಿಗೂ ತೆರೆದಿದೆ, 50 ಲಕ್ಷ ರೂಪಾಯಿವರೆಗೆ ಆದೇಶಿಸುವ ಅಧಿಕಾರ ಅವರಿಗಿದೆ. ಮೂರನೆಯದು ಚಾಮರಾಜನಗರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಕಾಯ್ದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಯೋಗದ ವ್ಯಾಪ್ತಿಗೆ ಎಣಿಸುವುದು ಕಟ್ಟಿದ ಪ್ರೀಮಿಯಂ ಅನ್ನು, ಕೇಳುವ ಪರಿಹಾರವನ್ನಲ್ಲ. ಕಟ್ಟಿದ್ದು 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವೂ ಇಲ್ಲ. ದೂರು ಕೊಡಲು ಎರಡು ವರ್ಷ ಗಡುವು.

ಈ ಮೂರೂ ಕ್ಲೇಮು ತಿರಸ್ಕಾರವಾದ ಮೇಲಿನ ದಾರಿಗಳು. ದಾಖಲೆಯ ತಪ್ಪು ಅದಕ್ಕೂ ಮುಂಚೆ ಗೊತ್ತಾಗಬೇಕು. ಹೊಸ ಕಾಯ್ದೆಗೆ ಕಾಯದೆ ಐಆರ್‌ಡಿಎಐ ಒಂದು ಸುತ್ತೋಲೆಯಿಂದಲೇ ಇದನ್ನು ಮಾಡಬಹುದು: ವರ್ಷಕ್ಕೊಂದು ಉಚಿತ ಕ್ಲೇಮು ವರದಿ, ಗ್ರಾಹಕರ ಭಾಷೆಯಲ್ಲಿ, ತಕರಾರಿಗೆ 30 ದಿನದ ಗಡುವು, ದಾಖಲೆಯ ಆಧಾರದ ಮೇಲೆ ನಿರಾಕರಿಸಿದರೆ ಆ ಸಾಲನ್ನು ಪತ್ರದಲ್ಲಿ ಕಾಣಿಸುವ ಕಡ್ಡಾಯ. ಅಲ್ಲಿಯವರೆಗೆ ಪಾಲಿಸಿದಾರರು ಪ್ರಸ್ತಾವದ ಅರ್ಜಿಯನ್ನು ತಾವೇ ಓದಿ ಅಥವಾ ಓದಿಸಿಕೊಂಡು ಸಹಿ ಹಾಕಬೇಕು, ಅದರ ಪ್ರತಿಯನ್ನೂ ಸರ್ವೇಯರ್ ವರದಿಯ ಪ್ರತಿಯನ್ನೂ ಕೇಳಿ ಪಡೆದು ಮನೆಯಲ್ಲಿಡಬೇಕು, ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಬೇಕು.